ಎದುರು ಮನೆಯ ಹಗ್ಗ

ಜೀನ್ಸ್ ಹೊಲಿಯುವಾಗ ಸೂಜಿ ನನ್ನ ತೋರುಬೆರಳಿನೊಳಗೆ ಇಳಿದ ದಿನ ನಮ್ಮ ಯೂನಿಟ್ಟಿನ ಮೇಸ್ತ್ರಿ ಹೇಳಿದ್ದು ಒಂದೇ ಮಾತು: ಕಣ್ಣು ತೋರಿಸಿಕೊಂಡು ಬಾ, ಆಮೇಲೆ ಮಷಿನ್ ಮುಟ್ಟು. ನೀಲಿ ಬಟ್ಟೆಯ ಮೇಲಿನ ನೀಲಿ ದಾರ ನನಗೆ ಸರಿಯಾಗಿ ಕಾಣದೆ ಬಹಳ ದಿನವಾಗಿತ್ತು. ಬೆರಳಿನ ಅಂದಾಜಿನಲ್ಲೇ ಹೊಲಿಯುತ್ತಿದ್ದೆ.

ಅಮ್ಮನಿಗೆ ನನ್ನ ಗಾಯಕ್ಕಿಂತ ಕನ್ನಡಕದ ಭಯ ದೊಡ್ಡದಾಗಿತ್ತು. ಡಿ. ಹಿರೇಹಾಳಿನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ರೊಳ್ಳದ ಕಡೆಯಿಂದ ಹೊಟ್ಟೆಪಾಡಿಗೆ ರಾಯದುರ್ಗ ಸೇರಿದ ನಮಗೆ ಅಂಥ ಸಂಬಂಧ ಸಿಗುವುದೇ ಹೆಚ್ಚು ಎಂಬುದು ಅವಳ ನಂಬಿಕೆ. ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು, ಆದರೆ ಷರತ್ತು ಹಾಕಿದಳು. ಯಾರು ಕೇಳಿದರೂ ಬಟ್ಟೆ ತರಲು ಹೊರಟಿದ್ದೇವೆ ಎನ್ನಬೇಕು. ಡಾಕ್ಟರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿ, ಕನ್ನಡಕ ಬೇಡವೆಂದು ಅವರ ಬಾಯಲ್ಲೇ ಹೇಳಿಸಬೇಕು. ಕಣ್ಣಿನ ಪರೀಕ್ಷೆಯನ್ನು ಅವಳು ಹತ್ತನೇ ಕ್ಲಾಸಿನ ಪರೀಕ್ಷೆ ಅಂದುಕೊಂಡಿದ್ದಳು.

ಅದಕ್ಕೆ ತಯಾರಿ ಬೇರೆ. ಹಿಂದಿನ ದಿನ ಸಂಜೆ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಎದುರು ಮನೆಯವರು ಹಗ್ಗದ ಮೇಲೆ ಏನು ಒಣಹಾಕಿದ್ದಾರೆ ಹೇಳು ಎಂದಳು. ನನಗೆ ಕಂಡದ್ದು ಒಂದು ನೀಲಿ ಮಬ್ಬು, ಅದರ ಪಕ್ಕದಲ್ಲಿ ಒಂದು ಕೆಂಪು ಮಬ್ಬು. ಹಾಗೆಂದಿದ್ದಕ್ಕೆ ತಲೆಗೆ ಮೊಟಕಿದಳು.

“ಪ್ಯಾಂಟು, ಪಕ್ಕದಾಗೆ ಕೆಂಪು ಟವಲ್ಲು. ಇಷ್ಟು ಹೇಳಾಕೂ ಬರಲ್ವಾ? ಕನ್ನಡಕದೋಳ್ನ ಯಾವನು ಕಟ್ಕಂತಾನೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಗೆ ದುಡಿದು ದುಡಿದೇ ಹಾಳಾದ ಕಣ್ಣು. ಈಗ ಅದನ್ನು ಕಳ್ಳಮಾಲಿನ ಹಾಗೆ ಬಚ್ಚಿಡಬೇಕು. ನಾನು ಕುರುಡಿಯಾದರೂ ಚಿಂತೆಯಿಲ್ಲ, ಕೊರಳಿಗೆ ತಾಳಿ ಬೀಳುವ ತನಕ ಯಾರಿಗೂ ಗೊತ್ತಾಗಬಾರದು, ಅಷ್ಟೆ. ಹಲ್ಲು ಕಚ್ಚಿಕೊಂಡು ಪಾಠ ಒಪ್ಪಿಸಿದೆ: ಪ್ಯಾಂಟು, ಕೆಂಪು ಟವಲ್ಲು.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಬಾಗಿಲಲ್ಲಿ ನಿಲ್ಲಿಸಿ ಮತ್ತೆ ಅದನ್ನೇ ಕೇಳಿದಳು. ಬಟ್ಟೆ ಇನ್ನೂ ಹಗ್ಗದ ಮೇಲೆಯೇ ಇತ್ತು. ನನಗೆ ಸಾಕಾಗಿಹೋಗಿತ್ತು. ಬೀದಿ ದಾಟಿ ಆ ಕೆಂಪು ಬಟ್ಟೆಗೆ ಕೈ ಹಾಕಿದೆ. ಅದಕ್ಕೆ ತೋಳಿತ್ತು, ಬೆನ್ನಿಗೆ ಗುಂಡಿಯಿತ್ತು. ಚಿಕ್ಕ ಮಗುವಿನ ಫ್ರಾಕು.

ಎರಡೂ ತೋಳುಗಳನ್ನು ಅಗಲಿಸಿ ಹಿಡಿದು ಅಮ್ಮನ ಕಡೆ ತಿರುಗಿದೆ.

“ಟವಲ್ಲು ತಾನೆ?” ಎಂದಳು ಅಮ್ಮ ಬಾಗಿಲಿಂದಲೇ, ಗೆದ್ದವಳಂತೆ.

ಅಕ್ಕಿ ಆರಿಸು ಎಂದು ಅವಳು ಪ್ರತಿ ಸಲ ಮೊರವನ್ನು ನನ್ನ ಕಡೆಗೇ ತಳ್ಳುತ್ತಿದ್ದದ್ದು ನೆನಪಾಯಿತು. ಅಯ್ಯೋ ಪಾಪ ಅನಿಸಲಿಲ್ಲ. ಸಿಟ್ಟು ಇನ್ನಷ್ಟು ಏರಿತು. ಇಷ್ಟು ವರ್ಷ ತನ್ನ ಕಣ್ಣಿನ ಮಬ್ಬನ್ನು ಮುಚ್ಚಿಟ್ಟುಕೊಂಡವಳು ಈಗ ನನಗೂ ಅದನ್ನೇ ಕಲಿಸುತ್ತಿದ್ದಳು.

ಅಷ್ಟರಲ್ಲಿ ಎದುರು ಮನೆಯಾಕೆ ಹೊರಗೆ ಬಂದು, “ಇಷ್ಟ್ ಲಗೂ ಎಲ್ಲಿಗ್ ಹೊಂಟೀರಿ?” ಎಂದು ಅಮ್ಮನನ್ನು ಕೇಳಿದಳು. ಬಟ್ಟೆ ತರಾಕೆ ಎಂದು ಅಮ್ಮ ಶುರು ಮಾಡಿದಳು.

“ಬಳ್ಳಾರಿಗೆ, ಕಣ್ಣು ತೋರ್ಸಾಕೆ,” ಎಂದೆ ನಾನು, ಬೀದಿಗೆಲ್ಲ ಕೇಳುವ ಹಾಗೆ. “ಇಬ್ರದೂ.”