ಶೂರಸೇನನ ವಂಶದವನು

ಬಹರೇನಿನ ಹಮದ್ ಟೌನಿನ ನಮ್ಮ ಕಾಂಪೌಂಡಿನಲ್ಲಿ ಗಿಡಗಳಿಗೆ ನೀರು ಹಾಯಿಸುತ್ತಿದ್ದವನನ್ನು ಎಲ್ಲರೂ ಮಾಲಿ ಎಂದೇ ಕರೆಯುತ್ತಿದ್ದರು. ಕರೆದಾಗಲೆಲ್ಲ ಅವನು ಪೈಪನ್ನು ಕೆಳಗಿಟ್ಟು, ಒದ್ದೆ ಕೈಯಲ್ಲೇ ಮೀಸೆ ನೇವರಿಸಿಕೊಂಡು ಹಿಂದಿಯಲ್ಲಿ ತಿದ್ದುತ್ತಿದ್ದ: “ಮಾಲಿ ಅನ್ನೋದು ಕೆಲಸ ಸಾಬ್. ಜಾತಿಯಲ್ಲಿ ನಾನು ಸೈನಿ. ಶೂರಸೇನ ಮಹಾರಾಜರ ವಂಶ, ಕ್ಷತ್ರಿಯ.” ಯುದ್ಧದಲ್ಲಿ ಸೋತ ಹಿರಿಯರು ಕತ್ತಿ ಬಿಟ್ಟು ನೇಗಿಲು ಹಿಡಿದರೆಂದು ಅವನ ತಾತ ಹೇಳಿದ್ದನಂತೆ. ನಿಜವೋ ಸುಳ್ಳೋ, ನನಗೇನು ಗೊತ್ತು? ಬೇಲಿ ಕತ್ತರಿಸುವಾಗಲೂ ಅವನ ಬೆನ್ನು ಬಾಗುತ್ತಿರಲಿಲ್ಲ.

ಗೇಟಿನ ಕಾವಲುಗಾರ ಅವನ ಸೀಮೆಯವನೇ, ರಜಪೂತ. ಮಧ್ಯಾಹ್ನದ ಸೆಕೆಗೆ ಇಬ್ಬರೂ ಬೇವಿನ ನೆರಳಲ್ಲಿ ಕೂತು ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು. ಒಮ್ಮೆ ನಾನು ಪಕ್ಕದಲ್ಲೇ ಕಾರು ಒರೆಸುತ್ತಿದ್ದಾಗ ಸೈನಿ ನಗುತ್ತಾ ಅವನಿಗೆ ಹೇಳಿದ: “ಭಾಯಿಸಾಬ್, ನಾವಿಬ್ಬರೂ ಕ್ಷತ್ರಿಯರೇ ಅಲ್ಲವಾ? ನನ್ನ ಮಗಳನ್ನ ನಿಮ್ಮ ಮನೆಗೆ ಸೊಸೆಯಾಗಿ ತಂದುಕೊಳ್ಳಿ.”

ಕಾವಲುಗಾರ ಎದ್ದು ಗೇಟಿನ ಕಡೆ ಹೋದ. ಮರುದಿನ ತನಗೆಂದೇ ಬೇರೆ ಬಾಟಲಿ ತಂದ. ಇವನು ಅದನ್ನು ನೋಡಿ, ತನ್ನ ಬಾಟಲಿಯ ನೀರನ್ನೆಲ್ಲ ಗಿಡದ ಬುಡಕ್ಕೆ ಸುರಿದುಬಿಟ್ಟ.

ಆಮೇಲೆ ಅವನ ಕೈ ಮೀಸೆಗೆ ಹೋದದ್ದನ್ನು ನಾನು ಕಾಣಲಿಲ್ಲ. ಮಹಡಿಗೆ ಹೊಸದಾಗಿ ಬಂದ ಮಂಗಳೂರಿನವರು, “ನಿಮ್ಮನ್ನು ಏನಂತ ಕರೆಯಲಿ?” ಎಂದು ಹಿಂದಿಯಲ್ಲಿ ಮರ್ಯಾದೆಯಿಂದಲೇ ಕೇಳಿದರು.

ಅವನು ಪೈಪನ್ನು ಕೆಳಗಿಡಲಿಲ್ಲ.

“ಮಾಲಿ ಅನ್ನಿ ಸಾಬ್.”