ನಮ್ಮ ಮನೆಯ ಏಳು ನರಕಗಳು

ನಿನ್ನೆ ಸಂಜೆ ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಲೆಂದು ಕಡ್ಡಿ ಗೀರಿದೆ. ಗಂಧಕದ ಘಾಟು ಮೂಗಿಗೆ ತಾಗಿದ್ದೇ ನನಗೆ ನರಕ ನೆನಪಾಯಿತು. ನರಕ ನೆನಪಾದದ್ದೇ ನಗು ಬಂತು. ನೀವು ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಗಾಬರಿಯಾಗುವ ಕೆಲಸವನ್ನು ನಾನೊಬ್ಬನೇ ಗುತ್ತಿಗೆ ಹಿಡಿದಿದ್ದೇನೆ.

ಮೊಬೈಲಿನಲ್ಲಿ ಹಾವು ಓಡಿಸುವುದೇ ದೊಡ್ಡ ಆಟವಾಗಿದ್ದ ಕಾಲದ ಮಾತು. ಕೈಗಾ ಸ್ಥಾವರದ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ದಿನಾ ನನ್ನ ಪಕ್ಕ ಕೂತು ತೂಕಡಿಸುತ್ತಿದ್ದ ಉದಯ, ಗೋವಾದಿಂದ ಒಂದು ಝೆರಾಕ್ಸ್ ಪುಸ್ತಕವನ್ನೂ ಇಪ್ಪತ್ತು ಮುಖದ ಒಂದು ದಾಳವನ್ನೂ ತಂದ. ಆಟ ಇಷ್ಟೇ: ಒಬ್ಬ ಕತೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮುಂದೇನು ಮಾಡುತ್ತೇವೆಂದು ಹೇಳಬೇಕು. ಅದು ಆಗುತ್ತದೋ ಇಲ್ಲವೋ, ದಾಳ ಹೇಳುತ್ತದೆ. ಪುಸ್ತಕದ ತುಂಬ ಗಂಧಕ ನಾರುವ ನರಕ, ಒಂದರ ಕೆಳಗೊಂದು ಏಳು. ನಮ್ಮ ಯಮನ ಲೋಕದಲ್ಲಿರುವ ಹಾಗೆ ಎಣ್ಣೆಯ ಕೊಪ್ಪರಿಗೆಯಲ್ಲ. ಒಂದರಲ್ಲಂತೂ ಹಿಮವೇ ಹಿಮ. ಕಾರವಾರದ ಮೇ ತಿಂಗಳಲ್ಲಿ ಅದನ್ನು ಓದಿ ಅಲ್ಲಿಗೇ ವರ್ಗ ಮಾಡಿಸಿಕೊಳ್ಳೋಣ ಅನ್ನಿಸಿತ್ತು. ಅಲ್ಲಿನ ಸೈತಾನರು ಭಾರೀ ಕಾಯಿದೆಯವರು: ಯಾರ ಕೈಯಿಂದ ಏನಾದರೂ ತೆಗೆದುಕೊಂಡರೆ ಅವರಿಗೆ ಕೇಡು ಮಾಡುವಂತಿಲ್ಲ.

ಆಗ ನನಗೆ ಮದುವೆಯಾಗಿ ಕೆಲವೇ ತಿಂಗಳು. ನಾಗವೇಣಿ ಅಂಕೋಲೆಯವಳು, ತುಂಬಿದ ಮನೆಯಿಂದ ಬಂದವಳು. ಕಾರವಾರದ ನನ್ನ ಎರಡು ಕೋಣೆಗಳಲ್ಲಿ ‘ಹೂಂ’, ‘ಆಯ್ತು’, ‘ಚಾ ಆಗಿದೆ’ ಬಿಟ್ಟರೆ ಮಾತೇ ಇಲ್ಲ. ತವರಿಗೆ ಹೋದರೆ ತಿರುಗಿ ಬರುತ್ತಾಳೋ ಇಲ್ಲವೋ ಎಂಬ ಚಿಂತೆ ನನಗೆ. ಕೇಳುವ ಧೈರ್ಯವಿಲ್ಲ, ಕೇಳಿದರೆ ಉತ್ತರ ಬಂದುಬಿಟ್ಟರೆ? ಹಾಗಾಗಿ ಬುದ್ಧಿವಂತನಂತೆ ಪ್ರತಿ ಆದಿತ್ಯವಾರ ಗೆಳೆಯರನ್ನು ಮನೆಗೆ ಕರೆದು ನರಕ ನಡೆಸುತ್ತಿದ್ದೆ. ಹೊಸ ಹೆಂಡತಿಯ ಬೇಸರ ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಿಮಗೆ ಹೊಳೆದರೆ ತಿಳಿಸಿ.

ಒಂದು ಆದಿತ್ಯವಾರ ಆಟಗಾರರಲ್ಲೊಬ್ಬನಿಗೆ ಡ್ಯೂಟಿ ಬಿತ್ತು. ಬಂದವರು ಉದಯ ಮತ್ತು ಅವನ ನೆರೆಯ ದಿನಕರ, ಇಬ್ಬರೇ. ನಾನೋ, ಮೊದಲ ನರಕದ ಬಾಗಿಲಿಗೆಂದು ವಾರವಿಡೀ ಕೂತು ಒಬ್ಬ ಭಯಂಕರ ಕಾವಲಿನವನನ್ನು ತಯಾರು ಮಾಡಿದ್ದೆ. ಆರು ಕೈ, ಉರಿಯುವ ಚಾಟಿ.

“ವೈನಿ, ಅವನ ಬದಲು ನೀವೇ ಕೂತ್ಕಳ್ಳಿ,” ಎಂದ ಉದಯ, ಚಾ ತಂದ ನಾಗವೇಣಿಗೆ. “ಇವನ ಸೈತಾನನ್ನ ಕೊಲ್ಲೂದೊಂದೇ ಕೆಲ್ಸ.”

ಅವಳು ಚಾದ ತಾಟು ಕೆಳಗಿಟ್ಟು ಗೋಡೆಗೊರಗಿ ಕೂತಳು. ನಾನು ಕಾವಲಿನವನಾಗಿ ಗುಡುಗಿದೆ. ದಿನಕರ ಕತ್ತಿ ಹಿರಿದೆನೆಂದ.

“ತಡೀರಿ,” ಅಂದಳು ನಾಗವೇಣಿ. “ಇದು ಯಾರ ಜಾಗ?”

“ಅವನದೇ. ಸಾವಿರಾರು ವರ್ಷದಿಂದ ಇಲ್ಲೇ ಇದ್ದಾನೆ,” ಅಂದೆ.

“ಮತ್ತೆ ಅವನ ಜಾಗಕ್ಕೆ ಹೋಗಿ ಅವನಿಗೇ ಕತ್ತಿ ತೋರ್ಸೂದಾ? ನಮ್ಮೂರಲ್ಲಿ ಬೆಟ್ಟ ಹತ್ತೂಕಿದ್ರೂ ಮೊದ್ಲು ಅಲ್ಲಿದ್ದವ್ನಿಗೆ ಒಂದು ಬೀಡಿ ಇಟ್ಟು ಹೇಳ್ಕಂಡು ಹೋಗ್ತ್ರು.”

“ವೈನಿ, ಅದು ದೇವ್ರು. ಇದು ಸೈತಾನ,” ಎಂದ ಉದಯ.

“ಹೌದಾ? ನೀವು ಕೇಳಿ ನೋಡಿದ್ರಾ?” ಎಂದವಳೇ ಸೈತಾನನಾಗಿದ್ದ ನನ್ನ ಕಡೆ ತಿರುಗಿದಳು. “ಬೀಡಿ ಸೇದ್ತ್ಯೇನೋ?”

ಪುಸ್ತಕ ತಿರುವಿದೆ. ಬೀಡಿಯ ವಿಚಾರ ಎಲ್ಲೂ ಇರಲಿಲ್ಲ. ದಾಳ ಹಾಕಿಸಿದೆ, ಅದೂ ಅಂಕೋಲೆಯ ಪಕ್ಷ ಸೇರಿತು. ಕಾವಲಿನವ ಬೀಡಿ ತೆಗೆದುಕೊಂಡ.

“ಆರು ಕೈಗೆ ಒಂದು ಬೀಡಿ ಎಲ್ಲಿ ಸಾಕು?” ಎಂದು ದಿನಕರ ಕಟ್ಟನ್ನೇ ಕೊಟ್ಟ.

ಸರಿ, ಕಾಯಿದೆ ಕಾಯಿದೆಯೇ. ಚಾಟಿ ಕೆಳಗಿಟ್ಟ ನನ್ನ ಸೈತಾನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹೊಗೆ ಬಿಡತೊಡಗಿದ. ನನ್ನ ಬಾಯಿಗೆ ಬಂದದ್ದನ್ನು ಅವನಿಂದ ಹೇಳಿಸಿದೆ: “ಇಲ್ಲಿ ಮಾತಾಡೂಕೆ ಒಂದು ಜನ ಇಲ್ಲ ಮಾರಾಯ್ತಿ.”

“ಹೀಂಗೆ ಗುಡುಗಿದ್ರೆ ಯಾರು ಮಾತಾಡ್ತ್ರು?” ಅಂದಳು. “ಬಂದವ್ರಿಗೆ ಊಟ ಆಯ್ತಾ ಅಂತಾದ್ರೂ ಕೇಳ್ಬೇಕು.”

“ಊಟ ಆಯ್ತಾ?” ಎಂದು ಕೇಳಿದ ಸೈತಾನ.

ನಾಗವೇಣಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. ನಮ್ಮ ಮನೆಯಲ್ಲಿ ಆ ಸದ್ದು ಕೇಳಿದ್ದು ಅದೇ ಮೊದಲು. ನನ್ನ ವಾರದ ತಯಾರಿಯೆಲ್ಲ ಬೀಡಿಯ ಹೊಗೆಯಲ್ಲಿ ಹೋಯಿತು. ನನಗೆ ಕುಣಿಯುವಷ್ಟು ಖುಷಿ.

“ಕತ್ತಲಲ್ಲಿ ಒಬ್ರೇ ಕೂತು ಎಂತ ನಗೂದು?” ನಿನ್ನೆ ಅಡುಗೆಮನೆಯಿಂದ ಬಂದು ಕೇಳಿದಳು.

ಹೇಳಿದೆ. ಹೇಳುತ್ತ ಹೇಳುತ್ತ, ಇಷ್ಟು ವರ್ಷ ಕೇಳದೆ ಉಳಿಸಿಕೊಂಡದ್ದನ್ನೂ ಕೇಳಿಬಿಟ್ಟೆ. “ಆಗ ನೀನು ನಿಜಕ್ಕೂ ಹೋಗಿಬಿಡುವವಳಿದ್ದೆಯಾ?”

“ಆ ದಿನ ಬೆಳಿಗ್ಗೇ ಬ್ಯಾಗು ತುಂಬಿಟ್ಟಿದ್ದೆ,” ಅಂದಳು ಆರಾಮಾಗಿ. “ಸಂಜೆ ಬಸ್ಸಿಗೆ ಹೊರಡೂದು ಅಂತ.”

ಎದೆ ಧಸಕ್ಕೆಂದಿತು, ಎಷ್ಟೋ ವರ್ಷ ತಡವಾಗಿ. “ಮತ್ತೆ?”

“ಮತ್ತೆಂತ? ಇನ್ನೂ ಆರು ನರಕ ಬಾಕಿ ಇತ್ತಲ್ರಿ. ಅರ್ಧಕ್ಕೆ ಬಿಟ್ಟು ಹೋಗೂಕೆ ಆಗ್ತದಾ?”