ನಾನು ಮಾಡಿದ ತ್ಯಾಗ

ಮೊದಲೇ ಹೇಳಿಬಿಡುತ್ತೇನೆ: ಕಥೆ ಬರೆಯುವುದನ್ನು ದೇವರಿಗೋಸ್ಕರ ತ್ಯಾಗ ಮಾಡಿದ್ದೇನೆ ಎಂದು ಹೊಸದುರ್ಗದ ನಮ್ಮ ಚರ್ಚಿನಲ್ಲಿ ಮೈಕು ಹಿಡಿದು, ಕಣ್ಣು ಒರೆಸಿಕೊಂಡು ಸಾಕ್ಷಿ ಹೇಳಿದವನು ನಾನೇ. ಕಣ್ಣೀರು ಬಂದಿರಲಿಲ್ಲ. ಒರೆಸಿಕೊಳ್ಳುವ ರೀತಿ ಪಾಸ್ಟರ್ ಅವರದು: ಕನ್ನಡಕ ಹಣೆಗೇರಿಸಿ, ಕರ್ಚೀಫು ಮಡಚಿ. ನನಗೆ ಕನ್ನಡಕವೇ ಇಲ್ಲ. ಆದರೂ ಏರಿಸಿದೆ.

ನಿಜ ಸಂಗತಿ ಬೇರೆ. ಊರವರ ದನಿ ಮಾಡಿ ನಗಿಸುವುದು ನನ್ನ ಚಟ, ಬರೆಯುವುದು ಆಸೆ. ಚಿತ್ರದುರ್ಗದ ಒಂದು ಪತ್ರಿಕೆಗೆ ಕಳಿಸಿದ ಕಥೆಗಳೆಲ್ಲ ವಾಪಸ್ ಬಂದಿದ್ದವು. ಕೊನೆಯದಕ್ಕೆ ಸಂಪಾದಕರು ಫೋನ್ ಮಾಡಿ, ಕಂಡಕ್ಟರು ಕಂಡಕ್ಟರ್ ಥರಾನೇ ಮಾತಾಡ್ತಾನೆ, ಮೇಷ್ಟ್ರು ಮೇಷ್ಟ್ರ ಥರಾನೇ, ಆದರೆ ಕಥೆ ಎಲ್ಲಿ ಎಂದು ಕೇಳಿದರು. ಆ ಫೋನನ್ನೂ ಅವರದೇ ದನಿಯಲ್ಲಿ ಗೆಳೆಯರಿಗೆ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಲ್ಯಾಪ್‌ಟಾಪ್ ಮುಚ್ಚಿದವನು ವಾರಗಟ್ಟಲೆ ತೆರೆಯಲಿಲ್ಲ. ಸೋತೆ ಎನ್ನಲು ಮಾನ ಅಡ್ಡ ಬಂತು. ತ್ಯಾಗ ಅಂದರೆ ಮಾನವೂ ಉಳಿಯುತ್ತದೆ, ಮೇಲೆ ನಾಲ್ಕು ಜನ ಆಮೆನ್ ಅನ್ನುತ್ತಾರೆ.

ಅಂದರು ಕೂಡ. ಪಾಸ್ಟರ್ ನನ್ನನ್ನು, ದೇವರು ಕೇಳಿದನೆಂದು ಹೆತ್ತ ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮನಿಗೇ ಹೋಲಿಸಿದರು. ಆರಾಧನೆ ಮುಗಿದು ಬಾಗಿಲ ಬಳಿ ಜನ ಕೈ ಕುಲುಕುತ್ತಿದ್ದಾಗ ಬಾಗೂರಿನ ನಮ್ಮಜ್ಜಿ ಬಂದಳು. ನಾಲ್ಕು ಕುರಿ ಸಾಕಿಕೊಂಡಿರುವವಳು. ನನ್ನ ಕಥೆಗಳನ್ನು ಪೂರ್ತಿ ಕೇಳಿಸಿಕೊಂಡ ಏಕೈಕ ಜೀವ. ಪ್ರತಿ ಕಥೆ ಕಳಿಸಿದಾಗಲೂ ಅದಕ್ಕಾಗಿ ಮೊಣಕಾಲೂರಿ ಪ್ರಾರ್ಥಿಸಿದವಳು. ನಡುವೆ ತೂಕಡಿಸಿದ್ದು ಬೇರೆ ಮಾತು.

"ಲೇ, ಪೇಪರ್ನೋರು ನಿನ್ ಕಥೆ ತಗಂಡಿದ್ರೆ ಆಗ್ಲೂ ಬಿಟ್ಟುಬಿಡ್ತಿದ್ದೇನೋ?" ಎಂದು ಪಾಸ್ಟರ್ ಎದುರಿಗೇ ಕೇಳಿದಳು.

ನಾನು ಪಾಸ್ಟರ್ ದನಿಯಲ್ಲಿ, ಎಲ್ಲ ಕರ್ತನ ಚಿತ್ತ ಎಂದೆ. ಪಾಸ್ಟರಿಗೇ ನಗು ತಡೆಯಲಾಗಲಿಲ್ಲ. ಅಜ್ಜಿ ನಗಲಿಲ್ಲ. ಅವಳು ಆಮೇಲೆ ಹೇಳಿದ ಮಾತನ್ನು ಮಾತ್ರ ಇವತ್ತಿಗೂ ಅವಳ ದನಿಯಲ್ಲಿ ಯಾರಿಗೂ ಮಾಡಿ ತೋರಿಸಿಲ್ಲ.

ಅಂದು ಸಂಜೆಯೇ ಪ್ರಾರ್ಥನೆ ಮಾಡಿ ಲ್ಯಾಪ್‌ಟಾಪ್ ತೆರೆದೆ. ಪ್ರಾರ್ಥನೆ ಅರ್ಧ ಪಾಸ್ಟರ್ ಧಾಟಿಯಲ್ಲೇ ಬಂತು. ದೇವರು ಅಡ್ಜಸ್ಟ್ ಮಾಡಿಕೊಂಡಿರಬೇಕು. ಕಥೆಗಳು ಈಗಲೂ ವಾಪಸ್ ಬರುತ್ತವೆ. ಬೈದುಕೊಳ್ಳುತ್ತೇನೆ, ಪ್ರಾರ್ಥಿಸುತ್ತೇನೆ, ಮತ್ತೆ ಕೂತು ತಿದ್ದುತ್ತೇನೆ. ಬಿಡುವ ಮಾತು ಮಾತ್ರ ಎತ್ತಿಲ್ಲ. ಯಾಕೆಂದರೆ ಅಜ್ಜಿ ಅಂದದ್ದು ಇದು:

"ಸಂತೇಲಿ ಯಾರೂ ತಗಳ್ದಿದ್ ಕುಂಟ ಕುರಿ ತಂದು ದೇವರಿಗೆ ಕೊಟ್ಟೆ ಅಂತೀಯಲ್ಲೋ. ಮೊದ್ಲು ಅದನ್ನ ಚೆನ್ನಾಗಿ ಮೇಯ್ಸು. ಕೊಡೋ ಮಾತು ಆಮೇಲೆ."